ಬ್ರೌಸರುಗಳ ಚರಿತ್ರೆಯೂ ಕನ್ನಡ ಪಾಠಗಳ ಉಳಿವೂ

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಯೊಬ್ಬರು ಒಂದು ಸಿ.ಡಿ.ಯನ್ನು ನನ್ನ ಬಳಿಗೆ ತಂದರು. ಅಂತರಜಾಲದಲ್ಲಿ ಕನ್ನಡ ಬರಹವು ಕಾಣಿಸಿಕೊಳ್ಳತೊಡಗಿದ ಕಾಲದ ಕೆಲವು ಪುಟಗಳನ್ನೂ, ಅದೇ ಕಾಲದ ಒಂದಷ್ಟು ಇ-ಮೇಲ್ ಪತ್ರಗಳನ್ನೂ ಸಾಹಿತ್ಯಾಭಿಮಾನಿಗಳೊಬ್ಬರು ಅದರಲ್ಲಿ ಕೂಡಿಟ್ಟಿದ್ದರು. ಸಿ.ಡಿ. ಕೆಟ್ಟಿರಲಿಲ್ಲ; ಕಡತಗಳು ಒಂದೂ ತಪ್ಪದೆ ತೆರೆದುಕೊಂಡವು. ಆದರೆ ತೆರೆದ ಕಡತಗಳಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಪುಟಗಳ ತುಂಬ ರೋಮನ್ ಅಕ್ಷರಗಳೂ, ಐರೋಪ್ಯ ಭಾಷೆಗಳ ಸ್ವರಚಿಹ್ನೆಗಳನ್ನು ತಲೆಯ ಮೇಲೆ ಹೊತ್ತ ಅಕ್ಷರಗಳೂ ಅರ್ಥವಿಲ್ಲದೆ ಬೆರೆತಿದ್ದವು. ಪತ್ರಗಳಲ್ಲಿ ಕೆಲವು ಓದಲು ಬರುವಂತಿದ್ದವು. ಮಿಕ್ಕವುಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳ ಹೊರತು ಬೇರೇನೂ ಇರಲಿಲ್ಲ. ಸಾವಿರ ವರ್ಷಗಳ ಹಿಂದಣ ಶಾಸನವನ್ನು ಓದಬಲ್ಲ ನಾವು ಇಪ್ಪತ್ತು ವರ್ಷಗಳ ಹಿಂದಣ ಕನ್ನಡವನ್ನು ಓದಲಾರದೆ ಕುಳಿತೆವು.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದುಂಟು. ಯಂತ್ರವಿದ್ಯೆ ವೇಗವಾಗಿ ಮುಂದುವರಿಯುತ್ತದೆ, ಬಳಸುವವರು ಅದರ ಸಮಕ್ಕೆ ನಡೆಯಬೇಕು, ನಡೆಯದವರು ಹಿಂದುಳಿಯುತ್ತಾರೆ ಎಂಬುದು ಆ ಸಮಾಧಾನ. ಬ್ರೌಸರುಗಳ ಮತ್ತು ಇ-ಮೇಲ್ ಸಾಧನಗಳ ಮೂವತ್ತು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದು ತೋರುತ್ತದೆ. ಹಿಂದುಳಿದವರ ಬರಹ ಉಳಿದು, ಮುಂದೆ ನಡೆದವರ ಬರಹ ಅಳಿದ ಉದಾಹರಣೆಗಳು ಇಲ್ಲಿವೆ. ಬರೆದವನು, ಸಾಗಿಸಿದವನು, ಓದಿದವನು ಈ ಮೂವರೂ ಒಂದೇ ಒಡಂಬಡಿಕೆಗೆ ಒಳಪಟ್ಟಿದ್ದರೆ ಪಾಠವು ಉಳಿಯಿತು. ಒಬ್ಬನು ತಪ್ಪಿದರೂ ಅದು ಕೆಟ್ಟಿತು. ಪ್ರಕೃತ ಲೇಖನದಲ್ಲಿ ಈ ಅಂಶವನ್ನು ಸಾಧಾರವಾಗಿ ನಿರೂಪಿಸಲು ಯತ್ನಿಸಲಾಗಿದೆ. ಬ್ರೌಸರಿಗೆ ಜಾಲದರ್ಶಕ, ವೀಕ್ಷಕ ಎಂಬ ಪದಗಳೂ, ಇ-ಮೇಲಿಗೆ ಮಿಂಚಂಚೆ ಎಂಬ ಸೊಗಸಾದ ಪದವೂ ಸೃಷ್ಟಿಯಾಗಿವೆ. ಜನರ ಬಾಯಲ್ಲಿ ನಿಂತಿರುವುದು ಮೂಲಪದಗಳೇ ಆದುದರಿಂದ ಇಲ್ಲಿ ಅವನ್ನೇ ಬಳಸಿದ್ದೇನೆ.

ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನ ಕೇಂದ್ರದಲ್ಲಿ ೧೯೮೯ನೆಯ ಇಸವಿಯ ಮಾರ್ಚಿಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಒಂದು ಯೋಜನೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ನಾನಾ ದೇಶಗಳಿಂದ ಬರುವ ವಿಜ್ಞಾನಿಗಳು ನಾನಾ ಬಗೆಯ ಗಣಕಗಳನ್ನು ಬಳಸುತ್ತಿದ್ದರು. ಅವರು ಕೆಲಸ ಮುಗಿಸಿ ಹೊರಟಾಗ ಅವರ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತಿದ್ದಿತು. ಇದನ್ನು ತಡೆಯುವುದೇ ಯೋಜನೆಯ ಉದ್ದೇಶವಾಗಿದ್ದಿತು. ೧೯೯೦ರ ಕೊನೆಯ ವೇಳೆಗೆ ಮೊದಲ ಬ್ರೌಸರು ಸಿದ್ಧವಾಯಿತು. ಅದರಲ್ಲಿ ಪುಟವನ್ನು ಓದಲೂಬಹುದಾಗಿದ್ದಿತು, ತಿದ್ದಲೂಬಹುದಾಗಿದ್ದಿತು ಎಂಬುದು ಗಮನಾರ್ಹ. ಮುಂದೆ ಬಂದ ಬ್ರೌಸರುಗಳು ಓದುವುದನ್ನು ಉಳಿಸಿಕೊಂಡು ತಿದ್ದುವುದನ್ನು ಬಿಟ್ಟವು. ಆದರೆ ಈ ಬ್ರೌಸರು ನೆಕ್ಸ್ಟ್ ಎಂಬ ದುಬಾರಿಯಾದ ಗಣಕದಲ್ಲಿ ಮಾತ್ರ ನಡೆಯುತ್ತಿದ್ದಿತು. ಆದುದರಿಂದ ನಿಕೋಲಾ ಪೆಲೋ ಎಂಬ ವಿದ್ಯಾರ್ಥಿನಿ ಯಾವ ಗಣಕದಲ್ಲಾದರೂ ನಡೆಯುವಂತಹ, ಬರಿಯ ಅಕ್ಷರಗಳನ್ನು ಸಾಲುಸಾಲಾಗಿ ತೋರಿಸುವ ಇನ್ನೊಂದು ಬ್ರೌಸರನ್ನು ರಚಿಸಿದಳು. ೧೯೯೧ರ ಆಗಸ್ಟಿನಲ್ಲಿ ಈ ಏರ್ಪಾಡು ಹೊರಜಗತ್ತಿಗೆ ಪರಿಚಯವಾಯಿತು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆಯು ಇದರ ಮೇಲಣ ತನ್ನ ಹಕ್ಕನ್ನು ಬಿಟ್ಟುಕೊಟ್ಟು ಸಾರ್ವಜನಿಕ ಸ್ವತ್ತಾಗಿ ಮಾಡಿತು.

ಬರ್ನರ್ಸ್-ಲೀ ಅವರು ವಾಸ್ತವವಾಗಿ ಮಾಡಿದುದು ಮೂರು ಒಡಂಬಡಿಕೆಗಳನ್ನು: ಪುಟಕ್ಕೆ ವಿಳಾಸ ಕೊಡುವ ಕ್ರಮ, ಅದನ್ನು ತರಿಸಿಕೊಳ್ಳುವ ಕ್ರಮ, ಅದರೊಳಗಣ ಶೀರ್ಷಿಕೆ, ಪ್ಯಾರಾ ಮೊದಲಾದುವನ್ನು ಗುರುತಿಸುವ ಕ್ರಮ. ಈ ಮೂರನೆಯದರಲ್ಲಿ ಒಂದು ದೂರದೃಷ್ಟಿಯ ನಿಯಮವಿದ್ದಿತು. ಬ್ರೌಸರಿಗೆ ತಿಳಿಯದ ಗುರುತು ಎದುರಾದರೆ ಅದು ಗುರುತನ್ನು ಮಾತ್ರ ಬಿಟ್ಟು ಒಳಗಿನ ಮಾತನ್ನು ತೋರಿಸಬೇಕು ಎಂಬುದೇ ಆ ನಿಯಮ. ಹಳೆಯ ಪುಟಗಳು ಇಂದಿಗೂ ತೆರೆದುಕೊಳ್ಳುವುದಕ್ಕೆ ಈ ಉದಾರತೆ ಒಂದು ಮುಖ್ಯ ಕಾರಣ. ಸರ್ನ್‌ನ ಮೊದಲ ಪುಟವನ್ನು ೨೦೧೩ರಲ್ಲಿ ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ಇರಿಸಿದಾಗ ಅದನ್ನು ಅಂದಿನ ಬ್ರೌಸರುಗಳು ಯಾವ ತೊಡಕೂ ಇಲ್ಲದೆ ತೋರಿಸಿದವು.

ಒಡಂಬಡಿಕೆಯೇ ಎಲ್ಲವೂ ಎಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಆಂಡ್ರೀಸೆನ್ ಮತ್ತು ಎರಿಕ್ ಬೀನಾ ಎಂಬವರು ೧೯೯೩ರಲ್ಲಿ ಮೊಸಾಯಿಕ್ ಎಂಬ ಬ್ರೌಸರನ್ನು ಹೊರತಂದರು. ಬರಹದ ನಡುವೆಯೇ ಚಿತ್ರವನ್ನು ತೋರಿಸುವ ಗುರುತೊಂದನ್ನು ಆ ವರ್ಷದ ಫೆಬ್ರವರಿಯಲ್ಲಿ ಆಂಡ್ರೀಸೆನ್ ಸೂಚಿಸಿದರು. ಬರ್ನರ್ಸ್-ಲೀ ಮೊದಲಾದವರು ಬೇರೆ ಬೇರೆ ಸಲಹೆಗಳನ್ನು ಕೊಟ್ಟರು. ಚರ್ಚೆ ಒಂದು ನೆಲೆಗೆ ಬರುವ ಮೊದಲೇ ಮೊಸಾಯಿಕ್ ಆ ಗುರುತಿನೊಡನೆ ಹೊರಬಂದಿತು. ಜನರು ಅದನ್ನೇ ಒಪ್ಪಿಕೊಂಡರು. ಎಲ್ಲರ ಸಮ್ಮತಿಗಾಗಿ ಕಾದಿದ್ದರೆ ಜಾಲವು ವಿಜ್ಞಾನಿಗಳ ಕಡತಶಾಲೆಯಾಗಿಯೇ ಉಳಿಯುತ್ತಿದ್ದಿತೋ ಏನೋ. ಅವಸರವು ಒಮ್ಮೆ ಫಲ ಕೊಟ್ಟಿತೆಂಬುದನ್ನು ಒಪ್ಪಲೇಬೇಕು. ಅದೇ ಅವಸರವು ಪದ್ಧತಿಯಾದಾಗ ಆದುದೇ ಬೇರೆ.

೧೯೯೪ರ ಡಿಸೆಂಬರಿನಲ್ಲಿ ಆಂಡ್ರೀಸೆನ್ನರ ಹೊಸ ಕಂಪನಿಯ ನೆಟ್‌ಸ್ಕೇಪ್ ನ್ಯಾವಿಗೇಟರ್ ಬಂದಿತು. ೧೯೯೫ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದಿತು. ಇವೆರಡರ ನಡುವಣ ಪೈಪೋಟಿಯನ್ನು ವರ್ಣಿಸುವವರು ಅದನ್ನು ಯುದ್ಧವೆಂದೇ ಕರೆಯುವುದು ವಾಡಿಕೆ. ಒಬ್ಬರು ಮಿನುಗುವ ಅಕ್ಷರಗಳಿಗೆ ಗುರುತನ್ನು ಕಲ್ಪಿಸಿದರೆ ಮತ್ತೊಬ್ಬರು ಓಡುವ ಅಕ್ಷರಗಳಿಗೆ ಕಲ್ಪಿಸಿದರು. ಪ್ರಮಾಣಗಳನ್ನು ನಿಶ್ಚಯಿಸಲೆಂದು ೧೯೯೪ರ ಅಕ್ಟೋಬರಿನಲ್ಲಿಯೇ ಬರ್ನರ್ಸ್-ಲೀ ಅವರ ನೇತೃತ್ವದಲ್ಲಿ ಒಂದು ಒಕ್ಕೂಟವು ಸ್ಥಾಪಿತವಾಗಿದ್ದರೂ ಅದು ಎಷ್ಟೋ ವೇಳೆ ಆಗಿಹೋದುದನ್ನು ದಾಖಲೆಮಾಡುವ ಕೆಲಸವನ್ನೇ ಮಾಡಬೇಕಾಯಿತು. ಇಂತಹ ಬ್ರೌಸರಿನಲ್ಲಿಯೇ ಈ ಪುಟವನ್ನು ನೋಡತಕ್ಕದ್ದು ಎಂಬ ಸೂಚನೆ ಪುಟಗಳ ಅಡಿಯಲ್ಲಿ ಕಾಣಿಸಿಕೊಂಡಿತು.

ಈ ಪೈಪೋಟಿಯ ಒಂದು ಕುರುಹು ಇಂದಿಗೂ ಉಳಿದುಬಂದಿದೆ. ಶಾಸನಗಳನ್ನು ಓದಿದವರಿಗೆ ಅದು ಚಿರಪರಿಚಿತವಾದ ವಿದ್ಯಮಾನದಂತೆ ತೋರೀತು. ಬ್ರೌಸರು ಪುಟವನ್ನು ಕೇಳುವಾಗ ತನ್ನ ಹೆಸರನ್ನು ಹೇಳಿಕೊಳ್ಳುತ್ತದೆ. ನೆಟ್‌ಸ್ಕೇಪ್ ತನ್ನನ್ನು ಮೊಜಿಲ್ಲಾ ಎಂದು ಹೇಳಿಕೊಳ್ಳುತ್ತಿದ್ದಿತು. ಮೊಸಾಯಿಕನ್ನು ಮುರಿಯತಕ್ಕದ್ದು ಎಂಬ ಅರ್ಥದಿಂದ ಹುಟ್ಟಿದ ಹೆಸರದು. ಪುಟವನ್ನು ಹಲವು ಚೌಕಟ್ಟುಗಳಾಗಿ ಒಡೆದು ತೋರಿಸುವ ಶಕ್ತಿ ಅದಕ್ಕೆ ಇದ್ದುದರಿಂದ, ಮೊಜಿಲ್ಲಾ ಎಂದವರಿಗೆ ಮಾತ್ರ ಉತ್ತಮವಾದ ಪುಟವನ್ನು ಕಳುಹಿಸುವ ಪದ್ಧತಿ ಬೆಳೆಯಿತು. ಎಕ್ಸ್‌ಪ್ಲೋರರಿಗೂ ಆ ಶಕ್ತಿ ಬಂದಿತು, ಆದರೆ ಹೆಸರಿಲ್ಲದುದರಿಂದ ಉತ್ತಮ ಪುಟ ಸಿಕ್ಕಲಿಲ್ಲ. ಆಗ ಅದು ತಾನೂ ಮೊಜಿಲ್ಲಾ, ಅದಕ್ಕೆ ಹೊಂದುವವನು ಎಂದು ಹೇಳಿಕೊಳ್ಳತೊಡಗಿತು. ಮುಂದೆ ೨೦೦೩ರಲ್ಲಿ ಬಂದ ಆಪಲ್ ಕಂಪನಿಯ ಸಫಾರಿಯು ಮೊಜಿಲ್ಲಾ ಎಂಬ ಹೆಸರಿನೊಡನೆ, ಮೊಜಿಲ್ಲಾದ ಹೊಸ ಯಂತ್ರಭಾಗವಾದ ಗೆಕೋವಿನಂತೆ ಎಂಬುದನ್ನೂ ಸೇರಿಸಿಕೊಂಡಿತು. ೨೦೦೮ರಲ್ಲಿ ಬಂದ ಕ್ರೋಮ್ ಇವೆಲ್ಲವನ್ನೂ ಹೇಳಿ, ಸಫಾರಿಯ ಹೆಸರನ್ನೂ ಹೇಳಿ, ನಡುವೆ ತನ್ನ ಹೆಸರನ್ನು ಇಟ್ಟುಕೊಂಡಿತು. ಬಾದಾಮಿಯ ಚಾಳುಕ್ಯರನ್ನು ಕೆಳಗಿಳಿಸಿದ ರಾಷ್ಟ್ರಕೂಟರು ಅವರ ಶ್ರೀಪೃಥ್ವೀವಲ್ಲಭ ಬಿರುದನ್ನು ತಾವು ಧರಿಸಿದುದೂ, ರಾಷ್ಟ್ರಕೂಟರ ತರುವಾಯ ಬಂದ ಕಲ್ಯಾಣದ ಚಾಳುಕ್ಯರು ಅದನ್ನೇ ಮತ್ತೆ ಧರಿಸಿದುದೂ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿದೆ. ಬಿರುದಾವಳಿಯಲ್ಲಿ ಸೋತವರ ಹೆಸರುಗಳು ಉಳಿಯುವುದಕ್ಕೆ ಇದಕ್ಕಿಂತ ಸೊಗಸಾದ ಆಧುನಿಕ ಉದಾಹರಣೆ ನನಗೆ ತಿಳಿಯದು. ನೆಟ್‌ಸ್ಕೇಪಿಗೆ ೨೦೦೮ರ ಮಾರ್ಚಿಯಲ್ಲಿ ಪೋಷಣೆ ನಿಂತಿತು. ಎಕ್ಸ್‌ಪ್ಲೋರರು ೨೦೨೨ರ ಜೂನ್ ೧೫ರಂದು ನಿವೃತ್ತವಾಯಿತು. ಮೊಜಿಲ್ಲಾ ಎಂಬ ಮಾತು ಮಾತ್ರ ಬಿರುದಾಗಿ ನಿಂತಿದೆ.

ಪೈಪೋಟಿಯ ಪರಿಣಾಮ ಎಲ್ಲರಿಗೂ ತಿಳಿದುದೇ. ಎಕ್ಸ್‌ಪ್ಲೋರರನ್ನು ವಿಂಡೋಸಿನೊಡನೆ ಬೆಸೆದು ಉಚಿತವಾಗಿ ಹಂಚಲಾಯಿತು. ಅಮೆರಿಕದ ಸರ್ಕಾರವು ೧೯೯೮ರ ಮೇ ತಿಂಗಳಿನಲ್ಲಿ ಮೊಕದ್ದಮೆ ಹೂಡಿತು. ೨೦೦೦ದಲ್ಲಿ ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ ಆಜ್ಞೆ ಹೊರಟು, ೨೦೦೧ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಅದು ರದ್ದಾಗಿ, ಕೊನೆಗೆ ರಾಜಿಯಾಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಬೇರೊಂದು ಕಂಪನಿಯ ಕೈಸೇರಿದ್ದಿತು. ೨೦೦೧ರ ಆಗಸ್ಟಿನಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಹೊರಬಂದಿತು. ಏಳನೆಯದು ಬಂದುದು ೨೦೦೬ರ ಅಕ್ಟೋಬರಿನಲ್ಲಿ. ನಡುವಣ ಐದು ವರ್ಷ ಜಗತ್ತಿನ ಬಹುಪಾಲು ಓದುಗರು ಒಂದೇ ಆವೃತ್ತಿಯಲ್ಲಿ ನಿಂತುಬಿಟ್ಟರು. ವೇಗವಾಗಿ ಮುಂದುವರಿಯುವುದೇ ಯಂತ್ರವಿದ್ಯೆಯ ಸ್ವಭಾವವೆನ್ನುವವರು ಈ ಐದು ವರ್ಷಗಳನ್ನು ಹೇಗೆ ವಿವರಿಸುವರೋ ತಿಳಿಯದು. ಎದುರಾಳಿಯಿಲ್ಲದಾಗ ಓಟವೂ ನಿಂತಿತೆಂಬುದು ಸರಳವಾದ ವಿವರಣೆ. ನೆಟ್‌ಸ್ಕೇಪಿನ ಮೂಲಬರಹವನ್ನು ೧೯೯೮ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರ ಫಲವಾಗಿ ೨೦೦೪ರ ನವೆಂಬರ್ ೯ರಂದು ಫೈರ್‌ಫಾಕ್ಸ್ ಬಂದ ಮೇಲೆಯೇ ಮತ್ತೆ ಚಲನೆ ಕಾಣಿಸಿದುದು.

ಇನ್ನು ನಮ್ಮ ದೇಶದ ಕಡೆಗೆ ತಿರುಗಬಹುದು. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗಿಯಾಗಿದ್ದುದರಿಂದ ಅಲ್ಲಿಯ ವಿದ್ವಾಂಸರಿಗೆ ಇ-ಮೇಲ್ ಬೇಗನೆ ದೊರೆತಿದ್ದಿತು. ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮದ ಮೂಲಕ ಇಂಟರ್ನೆಟ್ ದೊರೆತುದು ೧೯೯೫ರ ಆಗಸ್ಟ್ ೧೫ರಿಂದ. ಚಿತ್ರಗಳನ್ನು ತೋರಿಸುವ ಸಂಪರ್ಕದ ಬೆಲೆ ಬಹಳ ಹೆಚ್ಚಾಗಿದ್ದಿತು. ಆದುದರಿಂದ ವಿದ್ಯಾರ್ಥಿಗಳೂ ಅಧ್ಯಾಪಕರೂ ಬರಿಯ ಅಕ್ಷರಗಳನ್ನು ತೋರಿಸುವ ಅಗ್ಗದ ಸಂಪರ್ಕವನ್ನು ಪಡೆದು, ಪೈನ್ ಎಂಬುದರಲ್ಲಿ ಪತ್ರಗಳನ್ನೂ ಲಿಂಕ್ಸ್ ಎಂಬ ಬ್ರೌಸರಿನಲ್ಲಿ ಪುಟಗಳನ್ನೂ ಓದುತ್ತಿದ್ದರು. ಕಪ್ಪು ಪರದೆ, ರೋಮನ್ ಅಕ್ಷರ, ಬೇರೇನೂ ಇಲ್ಲ. ಕನ್ನಡಿಗರು ಊರಿನಿಂದ ಅಮೆರಿಕಕ್ಕೂ ಅಮೆರಿಕದಿಂದ ಊರಿಗೂ ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿಯೇ ಬರೆದು ಕಳುಹಿಸುತ್ತಿದ್ದರು. ದೀರ್ಘಕ್ಕೆ ಎರಡು ಅಕ್ಷರ, ಮೂರ್ಧನ್ಯಕ್ಕೆ ದೊಡ್ಡಕ್ಷರ ಎಂದು ತಮ್ಮ ತಮ್ಮಲ್ಲಿಯೇ ಒಂದು ಕ್ರಮವನ್ನು ಮಾಡಿಕೊಂಡಿದ್ದರು. ಇದು ಭಾಷೆಗೆ ಅಪಮಾನವೆಂದು ಆಕ್ಷೇಪಿಸಿದವರೂ ಇದ್ದರು.

ಈ ರೋಮನ್ ಲಿಪಿಯ ಪತ್ರಗಳ ವಿಷಯದಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯಕ. ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು ೧೯೭೧ರಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರವನ್ನು ಕಳುಹಿಸಿ, ವಿಳಾಸದಲ್ಲಿ ವ್ಯಕ್ತಿಯ ಹೆಸರಿಗೂ ಗಣಕದ ಹೆಸರಿಗೂ ನಡುವೆ ಇಂದು ನಾವೆಲ್ಲ ಬಲ್ಲ ‘@’ ಚಿಹ್ನೆಯನ್ನು ಇಟ್ಟರು. ೧೯೮೨ರ ಆಗಸ್ಟಿನಲ್ಲಿ ಜೋನಾಥನ್ ಪೋಸ್ಟೆಲ್ ಮತ್ತು ಡೇವಿಡ್ ಕ್ರಾಕರ್ ಅವರ ಹೆಸರಿನಲ್ಲಿ ಪತ್ರವ್ಯವಹಾರದ ನಿಯಮಗಳು ಪ್ರಕಟವಾದುವು. ಅವುಗಳ ಪ್ರಕಾರ ಪತ್ರದಲ್ಲಿ ಇರಬಹುದಾದುದು ೧೨೮ ಸಂಕೇತಗಳು ಮಾತ್ರ. ಅಂದರೆ ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು. ಇದು ಸಂಕುಚಿತವಾದ ಒಡಂಬಡಿಕೆ, ನಿಜ. ಆದರೆ ಭೂಮಂಡಲದ ಎಲ್ಲ ಗಣಕಗಳೂ ಅದನ್ನು ಒಪ್ಪಿದ್ದವು. ನಾನು ಆರಂಭದಲ್ಲಿ ಹೇಳಿದ ಸಿ.ಡಿ.ಯಲ್ಲಿ ಓದಲು ಬಂದ ಪತ್ರಗಳೆಂದರೆ ಇವೇ. ಅಪಮಾನವೆನಿಸಿಕೊಂಡ ಆ ಬರಹದಲ್ಲಿ ಒಂದು ದೀರ್ಘವೂ ನಷ್ಟವಾಗಿರಲಿಲ್ಲ.

ಕನ್ನಡ ಲಿಪಿಯಲ್ಲಿಯೇ ಬರೆಯಬೇಕೆಂಬ ಹಂಬಲ ಸಹಜವಾದುದು. ಯು. ಬಿ. ಪವನಜ ಅವರ ವಿಶ್ವಕನ್ನಡ ಎಂಬ ಜಾಲತಾಣವು ೧೯೯೬ರಲ್ಲಿಯೇ ಕನ್ನಡವನ್ನು ಜಾಲದ ಮೇಲೆ ತಂದಿತು. ಶೇಷಾದ್ರಿವಾಸು ಅವರ ಬರಹ ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ಮೂಲಕ ಸರ್ಕಾರ ಸಿದ್ಧಪಡಿಸಿದ ನುಡಿ ಈ ಶತಮಾನದ ಆರಂಭದಲ್ಲಿ ಬಂದಿತು. ಇವರೆಲ್ಲರ ಮುಂದೆ ಇದ್ದ ತೊಡಕು ಒಂದೇ. ಗಣಕಕ್ಕೆ ಕನ್ನಡದ ಸಂಕೇತಗಳು ತಿಳಿಯವು. ಅದಕ್ಕೆ ಅವರು ಕಂಡ ಉಪಾಯವೂ ಒಂದೇ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಗಳನ್ನೂ, ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರಗಳ ತುಣುಕುಗಳನ್ನೂ ಕೂರಿಸಿದ ಒಂದು ಲಿಪಿಕಡತವನ್ನು, ಎಂದರೆ ಫಾಂಟನ್ನು, ಮಾಡುವುದು. ಗಣಕವು ತಾನು ರೋಮನ್ ಅಕ್ಷರವನ್ನು ಬರೆಯುತ್ತಿರುವೆನೆಂದೇ ತಿಳಿದಿರುತ್ತದೆ. ಓದುವವನ ಕಣ್ಣಿಗೆ ಕನ್ನಡ ಕಾಣುತ್ತದೆ. ಓಲೆಗರಿಯ ಗ್ರಂಥಗಳಲ್ಲಿ ಒಂದು ಭಾಷೆಯನ್ನು ಇನ್ನೊಂದರ ಲಿಪಿಯಲ್ಲಿ ಬರೆಯುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಲಿಪಿಯೂ ಕನ್ನಡವೇ, ಭಾಷೆಯೂ ಕನ್ನಡವೇ, ಒಳಗಿನ ಲೆಕ್ಕ ಮಾತ್ರ ಅನ್ಯ. ಮುದ್ರಣಕ್ಕೆ ಇದು ಸಾಕು. ಆದರೆ ಒಬ್ಬೊಬ್ಬರು ತುಣುಕುಗಳನ್ನು ಒಂದೊಂದು ಸ್ಥಾನದಲ್ಲಿ ಕೂರಿಸಿದ್ದರು. ಬರೆದವರ ಫಾಂಟು ಓದುವವರ ಬಳಿ ಇಲ್ಲದಿದ್ದರೆ ಪುಟವು ಕೇವಲ ಅಕ್ಷರಸಂತೆ.

ಈ ಕೊರತೆಯನ್ನು ತುಂಬಲು, ಪುಟದೊಡನೆ ಫಾಂಟನ್ನೂ ಕಳುಹಿಸುವ ಏರ್ಪಾಡು ೧೯೯೭ರಲ್ಲಿ ಬಂದಿತು. ಕನ್ನಡದ ತಾಣಗಳು ಅದನ್ನು ಸಂತೋಷದಿಂದ ಬರಮಾಡಿಕೊಂಡವು. ಆದರೆ ಮೇಲೆ ವಿವರಿಸಿದ ಪೈಪೋಟಿ ಇಲ್ಲಿಯೂ ಬಾಧಿಸಿತು. ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿ ಒಪ್ಪುತ್ತಿದ್ದುದು ಬಿಟ್‌ಸ್ಟ್ರೀಮ್ ಕಂಪನಿಯ ಒಂದು ಬಗೆಯ ಕಡತವನ್ನು. ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿ ಒಪ್ಪುತ್ತಿದ್ದುದು ಮೈಕ್ರೋಸಾಫ್ಟಿನ ಇನ್ನೊಂದು ಬಗೆಯ ಕಡತವನ್ನು. ಶ್ರಮವಹಿಸಬಲ್ಲವರು ಎರಡನ್ನೂ ಇಟ್ಟರು, ಉಳಿದವರು ಒಂದನ್ನು ಆರಿಸಿಕೊಂಡರು. ೨೦೦೦ದ ನವೆಂಬರಿನಲ್ಲಿ ನೆಟ್‌ಸ್ಕೇಪಿನ ಆರನೆಯ ಆವೃತ್ತಿ ಬಂದಾಗ ಅದು ಈ ಏರ್ಪಾಡನ್ನೇ ಕೈಬಿಟ್ಟಿತು. ಅಂದರೆ ಹೊಸ ಆವೃತ್ತಿಯನ್ನು ಹಾಕಿಕೊಂಡ ಓದುಗನಿಗೆ ನಿನ್ನೆ ಓದುತ್ತಿದ್ದ ಕನ್ನಡ ಪುಟ ಇಂದು ಓದಲು ಬಾರದಾಯಿತು. ಹಳೆಯದರಲ್ಲಿಯೇ ಇದ್ದವನಿಗೆ ಬಂದಿತು. ಫೈರ್‌ಫಾಕ್ಸ್ ಕೂಡ ಮೈಕ್ರೋಸಾಫ್ಟಿನ ಬಗೆಯನ್ನು ಒಪ್ಪಲಿಲ್ಲ. ಎಲ್ಲ ಬ್ರೌಸರುಗಳೂ ಒಪ್ಪುವಂತಹ ರೀತಿಯಲ್ಲಿ ಪುಟದೊಡನೆ ಫಾಂಟನ್ನು ಕಳುಹಿಸುವುದು ಸಫಾರಿಯಲ್ಲಿ ೨೦೦೮ರಲ್ಲಿಯೂ ಫೈರ್‌ಫಾಕ್ಸಿನಲ್ಲಿ ೨೦೦೯ರಲ್ಲಿಯೂ ಸಾಧ್ಯವಾಯಿತು. ಅಷ್ಟರಲ್ಲಿ ಕನ್ನಡಕ್ಕೆ ಅದರ ಅವಶ್ಯಕತೆ ಬಹಳಮಟ್ಟಿಗೆ ಕಳೆದುಹೋಗಿದ್ದಿತು.

ಅವಶ್ಯಕತೆ ಕಳೆದುದು ಯೂನಿಕೋಡಿನಿಂದ. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿದ್ದವು. ಭಾರತ ಸರ್ಕಾರದ ಇಸ್ಕಿ ಎಂಬ ಸಂಕೇತಕ್ರಮವನ್ನು ಅನುಸರಿಸಿ ದೇವನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ತಮ್ಮ ತಮ್ಮ ವಿಭಾಗದಲ್ಲಿ ಒಂದೇ ಕ್ರಮಾಂಕದ ಸ್ಥಾನವನ್ನು ಕೊಡಲಾಗಿದ್ದಿತು. ಇಲ್ಲಿ ಸಂಕೇತವಿರುವುದು ಅಕ್ಷರದ ಆಕಾರಕ್ಕಲ್ಲ, ವರ್ಣಕ್ಕೆ. ಕಕಾರ, ಹಲಂತ, ಷಕಾರ ಇವನ್ನು ಕ್ರಮವಾಗಿ ಬರೆದರೆ ಅದನ್ನು ಕ್ಷಕಾರವಾಗಿ ತೋರಿಸುವ ಹೊಣೆ ಗಣಕದ್ದು. ಕೇಶಿರಾಜನಿಗೆ ಇದನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ. ಆದರೆ ಒಡಂಬಡಿಕೆ ಕಾಗದದ ಮೇಲೆ ಆದುದು ೧೯೯೧ರಲ್ಲಿ. ಜನರ ಮೇಜಿನ ಮೇಲಣ ಗಣಕವು ಅದನ್ನು ಪಾಲಿಸಿದುದು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟು ಬಂದ ಮೇಲೆ. ಆಗಲೂ ಸ್ಥಾಪನೆಯ ಸಿ.ಡಿ.ಯನ್ನು ಹುಡುಕಿ ತಂದು ಭಾರತೀಯ ಲಿಪಿಗಳ ಸೌಕರ್ಯವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಿದ್ದಿತು. ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ವಿಂಡೋಸ್ ೯೮ ಇನ್ನೂ ಬಹುಕಾಲ ನಡೆಯಿತು. ಕನ್ನಡ ವಿಕಿಪೀಡಿಯವು ೨೦೦೩ರಲ್ಲಿ ಆರಂಭವಾದಾಗ ಅದನ್ನು ಓದಬಲ್ಲ ಗಣಕಗಳು ಎಲ್ಲೆಡೆ ಇರಲಿಲ್ಲ. ಅವಗ್ರಹಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದೂ ಆ ವರ್ಷವೇ. ಒಡಂಬಡಿಕೆಗೂ ಆಚರಣೆಗೂ ನಡುವಣ ಈ ಹತ್ತು ಹನ್ನೆರಡು ವರ್ಷಗಳೇ ಕನ್ನಡ ಪಾಠಗಳಿಗೆ ಅತ್ಯಂತ ಅಪಾಯದ ಕಾಲ.

ಪುಟಗಳಿಗಿಂತ ಪತ್ರಗಳಿಗೆ ಒದಗಿದ ಅಪಾಯ ದೊಡ್ಡದು. ೧೯೯೨ರಲ್ಲಿ ನೇಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರು ಹಳೆಯ ನಿಯಮಗಳನ್ನು ಮುರಿಯದೆಯೇ ವಿಸ್ತರಿಸಿದರು. ಪತ್ರದ ಶಿರೋಭಾಗದಲ್ಲಿ ಇದು ಇಂತಹ ಸಂಕೇತಕ್ರಮದಲ್ಲಿದೆ ಎಂದು ಬರೆದು, ಒಡಲನ್ನು ಆ ಹಳೆಯ ೧೨೮ ಸಂಕೇತಗಳ ವೇಷದಲ್ಲಿಯೇ ಸಾಗಿಸುವುದು ಅವರ ಜಾಣ್ಮೆ. ದಾರಿಯ ಗಣಕಗಳು ಏನನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ. ೧೯೯೬ರ ಜುಲೈ ೪ರಂದು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರೂ ಜ್ಯಾಕ್ ಸ್ಮಿತ್ ಅವರೂ ಹಾಟ್‌ಮೇಲನ್ನು ಆರಂಭಿಸಿದ ಮೇಲೆ ಪತ್ರವನ್ನು ಬ್ರೌಸರಿನಲ್ಲಿಯೇ ಓದುವ ರೂಢಿ ಹರಡಿತು. ಅಂದಿನಿಂದ ಪತ್ರದ ಭಾಗ್ಯ ಬ್ರೌಸರಿನ ಭಾಗ್ಯದೊಡನೆ ಬೆಸೆದುಕೊಂಡಿತು. ಬ್ರೌಸರಿನ ಮೂಲಕ ಪತ್ರವನ್ನು ತೋರಿಸುವ ಅಂದಿನ ಹಲವು ಸೇವೆಗಳು ಶಿರೋಭಾಗದ ಸೂಚನೆಯನ್ನು ಸರಿಯಾಗಿ ಪಾಲಿಸುತ್ತಿರಲಿಲ್ಲ. ಯೂನಿಕೋಡ್ ಕನ್ನಡದ ಪತ್ರಕ್ಕೆ ಉತ್ತರ ಬರೆಯುವಾಗಲೋ, ಅದನ್ನು ಮತ್ತೊಬ್ಬರಿಗೆ ಕಳುಹಿಸುವಾಗಲೋ, ಕಡತವಾಗಿ ಇಳಿಸಿಕೊಳ್ಳುವಾಗಲೋ ಅವು ಅದನ್ನು ಐರೋಪ್ಯ ಸಂಕೇತಕ್ರಮಕ್ಕೆ ಬದಲಾಯಿಸಿದವು. ಅಲ್ಲಿ ಸ್ಥಾನವಿಲ್ಲದ ಪ್ರತಿಯೊಂದು ವರ್ಣದ ಬದಲಿಗೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟವು.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಫಾಂಟು ಕಳೆದುಹೋದ ಪುಟ ಅಪಪಾಠ. ಪ್ರಶ್ನಾರ್ಥಕ ಚಿಹ್ನೆಗಳ ಪತ್ರ ತ್ರುಟಿತ. ಮೊದಲನೆಯದರಲ್ಲಿ ತಪ್ಪು ಕ್ರಮಬದ್ಧವಾದುದು: ಇಂತಹ ರೋಮನ್ ಅಕ್ಷರವೆಂದರೆ ಕನ್ನಡದ ಇಂತಹ ತುಣುಕು. ಫಾಂಟು ಯಾವುದೆಂದು ಗೊತ್ತಾದರೆ ಪಾಠವನ್ನು ಪುನಾರಚಿಸಬಹುದು. ನುಡಿ, ಬರಹಗಳ ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಸುಲಭವಾಗಿ ದೊರೆಯುತ್ತವೆ. ಆದರೂ ಎಚ್ಚರ ಬೇಕು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಯಕಾರದ ಅನಂತರ ಕಾಣುತ್ತದೆ. ಫಾಂಟಿನ ಬರಹದಲ್ಲಿ ಅದು ಇದ್ದುದೂ ಅಲ್ಲಿಯೇ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯಂತೆ ರೇಫವು ಮೊದಲು ಬರಬೇಕು. ಪರಿವರ್ತಕವು ಹಿಂದೆ ಸರಿದು ಅದನ್ನು ಸರಿಯಾದ ಸ್ಥಾನದಲ್ಲಿ ಇಡಬೇಕಾಗುತ್ತದೆ. ಒತ್ತಕ್ಷರಗಳು ಒಂದರ ಮೇಲೊಂದು ಬಂದ ಕಡೆಗಳಲ್ಲಿ ಅದು ಎಡವುವುದುಂಟು. ‘ರ‍್ಯಾಂಕ್’ ಎಂಬಂತಹ ಪದಗಳಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕು. ಅದನ್ನು ಮರೆತರೆ ಪದ ಬೇರೆಯೇ ಆಗಿ ಕಾಣುತ್ತದೆ. ಪರಿವರ್ತಿತ ಪಾಠವನ್ನು ಮೂಲವೆಂದು ಉಲ್ಲೇಖಿಸುವ ವಿದ್ಯಾರ್ಥಿಗಳು ಯಾವ ಫಾಂಟಿನಿಂದ, ಯಾವ ಪರಿವರ್ತಕದಿಂದ ಎಂಬುದನ್ನು ಅಡಿಟಿಪ್ಪಣಿಯಲ್ಲಿ ತಿಳಿಸುವುದು ಉಚಿತ. ತ್ರುಟಿತವಾದ ಪತ್ರಕ್ಕೆ ಇಂತಹ ಯಾವ ಚಿಕಿತ್ಸೆಯೂ ಇಲ್ಲ. ಎಲ್ಲ ವರ್ಣಗಳಿಗೂ ಒಂದೇ ಚಿಹ್ನೆ ಬಂದಿರುವಾಗ ಯಾವುದು ಯಾವುದೆಂದು ಹೇಳುವುದು ಹೇಗೆ?

ಇಂದಿನ ಸ್ಥಿತಿಯನ್ನು ಕುರಿತು ಒಂದು ಮಾತು. ಇಂದು ಹೊಸ ಬ್ರೌಸರಿನಲ್ಲಿ ಹಳೆಯ ಪುಟ ತೆರೆಯುತ್ತದೆ. ಹಳೆಯ ಬ್ರೌಸರಿನಲ್ಲಿ ಹೊಸ ಪುಟ ತೆರೆಯುವುದಿಲ್ಲ. ಇದಕ್ಕೆ ಕಾರಣ ಮುಖ್ಯವಾಗಿ ಗೋಪ್ಯತೆ. ಪುಟಗಳು ಈಗ ಗೂಢಲಿಪಿಯಲ್ಲಿ ಸಾಗಿಬರುತ್ತವೆ. ಗೂಢಲಿಪಿಯ ಹಳೆಯ ಕ್ರಮಗಳನ್ನು ಪ್ರಮುಖ ಬ್ರೌಸರುಗಳು ೨೦೨೦ರಲ್ಲಿ ಕೈಬಿಟ್ಟವು, ತಾಣಗಳೂ ಬಿಟ್ಟವು. ಇ-ಮೇಲಿನಲ್ಲಿ ೧೯೮೨ರ ನಿಯಮಗಳು ಕಳುಹಿಸಿದವನ ಹೆಸರು ನಿಜವೇ ಎಂದು ಪರೀಕ್ಷಿಸುತ್ತಿರಲಿಲ್ಲ. ಪರಸ್ಪರ ಬಲ್ಲವರ ನಡುವೆ ಹುಟ್ಟಿದ ನಿಯಮಗಳವು. ಆ ನಂಬಿಕೆಯ ಫಲವನ್ನು ನಾವು ಇಂದಿಗೂ ಮೋಸದ ಪತ್ರಗಳ ರೂಪದಲ್ಲಿ ಉಣ್ಣುತ್ತಿದ್ದೇವೆ. ೨೦೨೪ರ ಫೆಬ್ರವರಿಯಿಂದ ದೊಡ್ಡ ಅಂಚೆಸೇವೆಗಳು, ಒಮ್ಮೆಗೇ ಬಹುಸಂಖ್ಯೆಯ ಪತ್ರಗಳನ್ನು ಕಳುಹಿಸುವವರು ತಮ್ಮ ಗುರುತನ್ನು ಸ್ಥಾಪಿಸಲೇಬೇಕೆಂದು ವಿಧಿಸಿವೆ. ಬಾಳಿದ ಒಡಂಬಡಿಕೆಯಲ್ಲಿ ದೋಷವೂ ಬಾಳುತ್ತದೆ. ಆದುದರಿಂದ ಬ್ರೌಸರನ್ನು ಕಾಲಕಾಲಕ್ಕೆ ಹೊಸದಾಗಿಸಿಕೊಳ್ಳುವುದು ಇಂದು ಅವಶ್ಯಕವೇ; ಆದರೆ ಈಗಿನ ಕಾರಣವೂ ೧೯೯೮ರ ಕಾರಣವೂ ಒಂದೇ ಅಲ್ಲ. ೨೦೨೦ರಲ್ಲಿ ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿಗೆ ಕ್ರೋಮಿನ ಯಂತ್ರಭಾಗವನ್ನೇ ತೆಗೆದುಕೊಂಡ ಮೇಲೆ ಬೇರೆ ಬೇರೆ ಹೆಸರಿನ ಹಲವು ಬ್ರೌಸರುಗಳ ಒಡಲು ಒಂದೇ ಆಗಿದೆ. ೨೦೦೧ರಿಂದ ೨೦೦೬ರ ವರೆಗಿನ ನಿಶ್ಚಲತೆಯನ್ನು ಕಂಡವರು ಇದನ್ನು ನಿಶ್ಚಿಂತೆಯಿಂದ ನೋಡಲಾರರು.

ಮತ್ತೆ ಆ ಸಿ.ಡಿ.ಯ ವಿಷಯ. ಪುಟಗಳಲ್ಲಿ ಬಹುಪಾಲು ಎರಡು ಫಾಂಟುಗಳಲ್ಲಿದ್ದುವು. ಅವು ದೊರೆತವು, ಪಾಠವನ್ನು ವಿದ್ಯಾರ್ಥಿಯು ಪರಿವರ್ತಿಸಿ ತಿದ್ದಿಕೊಂಡಿದ್ದಾರೆ. ಮೂರನೆಯ ಫಾಂಟಿನ ಏಳು ಪುಟಗಳಿಗೆ ಕಡತ ದೊರೆಯಲಿಲ್ಲ. ಪದೇ ಪದೇ ಬರುವ ಪದಗಳನ್ನು ಊಹಿಸಿ, ಹೊಸ ಶಾಸನಲಿಪಿಯನ್ನು ಬಿಡಿಸುವಂತೆಯೇ ಅವನ್ನು ಬಿಡಿಸುವ ಕೆಲಸ ನಡೆದಿದೆ. ರೋಮನ್ ಲಿಪಿಯ ಪತ್ರಗಳು ಪೂರ್ಣವಾಗಿವೆ. ಪ್ರಶ್ನಾರ್ಥಕ ಚಿಹ್ನೆಗಳ ಪತ್ರಗಳು ಒಟ್ಟು ಹನ್ನೊಂದು. ಅವುಗಳಲ್ಲಿ ಒಂದು ಬಹಳ ದೀರ್ಘವಾದುದು, ೨೦೦೩ರಲ್ಲಿ ಬರೆದುದು. ಅದರ ಶಿರೋಭಾಗದಲ್ಲಿ ದಿನಾಂಕವಿದೆ, ಬರೆದವರ ವಿಳಾಸವಿದೆ. ಒಡಲಿನಲ್ಲಿ ಪದಗಳ ನಡುವಣ ತೆರವುಗಳೂ, ಅಲ್ಪವಿರಾಮ ಪೂರ್ಣವಿರಾಮಗಳೂ ತಮ್ಮ ತಮ್ಮ ಸ್ಥಾನಗಳಲ್ಲಿಯೇ ಇವೆ. ಎಷ್ಟು ವಾಕ್ಯಗಳು, ಒಂದೊಂದು ವಾಕ್ಯದಲ್ಲಿ ಎಷ್ಟು ಪದಗಳು, ಒಂದೊಂದು ಪದದಲ್ಲಿ ಎಷ್ಟು ಸಂಕೇತಗಳು ಎಂಬುದನ್ನು ನಾವು ಎಣಿಸಿ ಬರೆದಿಟ್ಟಿದ್ದೇವೆ.